ರೇಡಿಯೇಟರ್‌ನಲ್ಲಿ ಅಂಬಲಿ ಉಕ್ಕಿದ ದಿನ

ನನ್ನ ಮೊಮ್ಮಗಳು ಮಾತಾಡಿದಳು! ಇದನ್ನು ಮೊದಲು ಹೇಳದಿದ್ದರೆ ನನಗೆ ಮುಂದೆ ಬರೆಯಲು ಆಗುವುದಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು; ಒತ್ತು, ದೀರ್ಘ ತಪ್ಪಿದ್ದರೆ ಓದುವವರೇ ಸರಿ ಮಾಡಿಕೊಳ್ಳಿ. ಅವಳು ಮೊದಲು ಆಡಿದ್ದು ಎರಡೇ ಮಾತು. ಅದರಲ್ಲಿ ಒಂದು ‘ಅಜ್ಜಿ’!

ಮೂರು ವರ್ಷ ತುಂಬುತ್ತಾ ಬಂದರೂ ಮಗು ತುಟಿ ಬಿಚ್ಚಿರಲಿಲ್ಲ. ನಗುತ್ತಿದ್ದಳು, ಬೆಕ್ಕಿನ ಬಾಲ ಎಳೆಯುತ್ತಿದ್ದಳು, ಮಾತು ಮಾತ್ರ ಇಲ್ಲ. ಮಾತು ಬರಲೆಂದು ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚಿದೆ. ಮುಖ ಕಿವುಚಿದಳು, ಅಷ್ಟೇ. ಸೊಸೆ ಒಲೆ ಮುಂದೆ ಕೂತು ಕಣ್ಣೊರೆಸಿಕೊಳ್ಳುವಳು. ಕೇಳಿದರೆ ಈರುಳ್ಳಿ ಎನ್ನುವಳು. ಈರುಳ್ಳಿ ಹೆಚ್ಚದ ದಿನವೂ ಈರುಳ್ಳಿಯೇ.

ಕಡೂರಿಗೆ ತಿಂಗಳಿಗೊಮ್ಮೆ ಬರುವ ಡಾಕ್ಟರಿಗೆ ತೋರಿಸೋಣವೆಂದು ಹೊರಟೆವು. ಮಗನಿಗೆ ಅವತ್ತು ತೋಟದಲ್ಲಿ ಕಾಯಿ ಕೀಳಿಸುವುದಿತ್ತು. ಹಾಗಾಗಿ ನಮ್ಮ ಹಳೇ ಕಾರನ್ನು ಯಜಮಾನರೇ ಓಡಿಸಿದರು. ಸೊಸೆ ಹಿಂದೆ, ಮಗು ನನ್ನ ತೊಡೆ ಮೇಲೆ. ಅಜ್ಜಂಪುರದ ಗಿರಣಿಯಲ್ಲಿ ಬೀಸಲು ಕೊಟ್ಟಿದ್ದ ರಾಗಿ ಹಿಟ್ಟನ್ನೂ ಹತ್ತಿಸಿಕೊಂಡೆ.

ಗಿರಣಿ ಮುಂದೆಯೇ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ಯಜಮಾನರು ಬಗ್ಗಿ ನೋಡಿದರು.

“ರೇಡಿಯೇಟರ್ ತೂತಾಗಿದೆ ಕಣೇ. ಅರಿಶಿನದ ಪುಡಿ ಇದ್ದಿದ್ರೆ ಹಾಕ್ಬೋದಿತ್ತು. ಲಾರಿಯವ್ರು ಹಂಗೇ ತೂತು ಮುಚ್ಚೋದು.”

ಕಾರು ತಣ್ಣಗಾದ ಮೇಲೆ ಮುಚ್ಚಳ ತೆಗೆದು ಒಂದು ಬಿಂದಿಗೆ ನೀರು ಹೊಯ್ದು, ಇನ್ನೊಂದು ತರಲು ಹೋದರು. ನಾನು ಯೋಚನೆ ಮಾಡಿದೆ. ಕಡುಬಿನ ಪಾತ್ರೆಯ ಸಂದಿಯಿಂದ ಹಬೆ ಹೋಗದಂತೆ ನಾವು ಮೆತ್ತುವುದು ಏನನ್ನು? ರಾಗಿ ಹಿಟ್ಟನ್ನು. ಅರಿಶಿನ ಮಾಡುವ ಕೆಲಸವನ್ನು ರಾಗಿ ಮಾಡುವುದಿಲ್ಲವೇ? ಎರಡು ಹಿಡಿ ಹಾಕಿದೆ. ಸೊಸೆ “ಅತ್ತೇ!” ಎಂದಳು. “ಸುಮ್ನಿರು” ಎಂದೆ. ಮೂರನೆಯದನ್ನೂ ಹಾಕಿದೆ.

ಯಜಮಾನರು ಬಂದು ನೋಡುತ್ತಾರೆ, ತೊಟ್ಟಿಕ್ಕುವುದು ನಿಂತಿದೆ!

“ನೋಡ್ದಾ? ನಾನು ಎರಡು ಗುದ್ದು ಗುದ್ದಿದ್ದೆ, ಅದ್ಕೇ ದಾರಿಗೆ ಬಂತು” ಎಂದು ಮೀಸೆ ತೀಡಿದರು. ನಾನು ಸೆರಗಿನಲ್ಲಿ ಕೈ ಒರೆಸಿಕೊಂಡು ಕಾರು ಹತ್ತಿದೆ.

ಬೀರೂರು ಇನ್ನೇನು ಬಂತು ಎನ್ನುವಾಗ ಬಾನೆಟ್ಟಿನೊಳಗೆ ಗೊಳಗೊಳ ಸದ್ದು. ಆಮೇಲೆ ಬುಸ್ಸೆಂದು ಹಬೆ. ಹಿಂದೆಯೇ ಸಂದಿಯಿಂದ ಕಂದು ಬಣ್ಣದ್ದೇನೋ ಗುಳ್ಳೆಗುಳ್ಳೆಯಾಗಿ ಇಳಿಯತೊಡಗಿತು. ಯಜಮಾನರು ಕಾರನ್ನು ಪಕ್ಕಕ್ಕೆ ಹಾಕಿದರು. ಆಗ ನನ್ನ ತೊಡೆಯ ಮೇಲಿದ್ದವಳು ಎದ್ದು ನಿಂತು, ಗಾಜಿನಾಚೆಗೆ ಬೆರಳು ತೋರಿಸಿ,

“ಅಜ್ಜೀ, ಉಕ್ತು!” ಎಂದಳು.

ದಿನಾ ಬೆಳಿಗ್ಗೆ ಹಾಲಿನ ಪಾತ್ರೆ ಮುಂದೆ ನಾನು ಕೂಗುವುದು ಅದನ್ನೇ. ಸೊಸೆ ಮಗುವನ್ನು ಕಿತ್ತುಕೊಂಡು ಮುದ್ದಾಡಿ ಅತ್ತಳು. ಈ ಸಲ ಈರುಳ್ಳಿ ಎನ್ನಲಿಲ್ಲ. ನಾನು ರಸ್ತೆಯಲ್ಲೇ ಕುಣಿದೆ. ಯಜಮಾನರು ಮಾತ್ರ, “ಅವ್ಳು ಹೇಳಿದ್ದು ಕಾರು ನೋಡಿ ಕಣೇ. ಕಾರು ನಂದು” ಎಂದು ಪಾಲು ಕೇಳಿದರು.

ಫೋನು ಮಾಡಿದ್ದಕ್ಕೆ ಬೀರೂರಿನಿಂದ ಮೆಕ್ಯಾನಿಕ್ ಬೈಕಿನಲ್ಲಿ ಬಂದ. ಕಾರು ತಣ್ಣಗಾಗುವವರೆಗೆ ಕಾದು, ಮುಚ್ಚಳ ತೆಗೆದು, ಒಳಗೆ ಕಡ್ಡಿ ಆಡಿಸಿ ಮೂಸಿ ನೋಡಿದ.

“ಏನ್ ಯಜಮಾನ್ರೇ, ಕಾರಿಗೆ ಅಂಬಲಿ ಕುಡ್ಸಿದ್ದೀರಾ?”

ಯಜಮಾನರು ನಿಧಾನವಾಗಿ ನನ್ನ ಕಡೆ ತಿರುಗಿದರು. “ಲೇ, ಏನ್ ಹಾಕ್ದೆ?”

“ಎಲ್ಡೇ ಹಿಡಿ ಕಣ್ರೀ.”

“ಮೂರು” ಎಂದಳು ಸೊಸೆ.

“ಉಪ್ಪು ಹಾಕಿದ್ರಾ ಅಜ್ಜಿ?” ಎಂದ ಮೆಕ್ಯಾನಿಕ್. “ಇದು ತೊಳುದ್ರೆ ಹೋಗಲ್ಲ, ಬೇರೇದೇ ಹಾಕ್ಬೇಕು.” ತರೀಕೆರೆಯ ಗುಜರಿ ಅಂಗಡಿಗೆ ಫೋನು ಮಾಡಿ, ಇದೇ ಅಳತೆಯ ಹಳೇ ರೇಡಿಯೇಟರನ್ನು ಬಸ್ಸಿಗೆ ಹಾಕಿಸಿದ. ಅದು ಡ್ರೈವರ್ ಪಕ್ಕದಲ್ಲಿ ಕೂತು ಬಂತಂತೆ. ನಮ್ಮ ಯಜಮಾನರಿಗೆ ಬಸ್ಸಿನಲ್ಲಿ ಆ ಸೀಟು ಇವತ್ತಿಗೂ ಸಿಕ್ಕಿಲ್ಲ.

ಅವರನ್ನು ಕಾರಿನ ಹತ್ತಿರ ಬಿಟ್ಟು ನಾವು ಹೆಂಗಸರು ಮಗುವನ್ನೆತ್ತಿಕೊಂಡು ಕಡೂರು ಬಸ್ಸು ಹತ್ತಿದೆವು. ಬಸ್ಸಿನವರಿಗೆಲ್ಲ ಸುದ್ದಿ ಹೇಳಿದೆ. ಡಾಕ್ಟರು ಮಗುವಿನ ಕಿವಿ ಪರೀಕ್ಷೆ ಮಾಡಿ, “ಕಿವಿ ಚೆನ್ನಾಗಿದೆ. ಮಾತು ತಡವಾಗಿ ಶುರುವಾಗಿದೆ. ಇವಳ ಜೊತೆ ಮಾತಾಡ್ತಾ ಇರಿ, ಮುಂದಿನ ತಿಂಗಳು ಮತ್ತೆ ಕರ್ಕೊಂಡ್ ಬನ್ನಿ” ಎಂದರು.

“ನಮ್ಮನೇಲಿ ಮಾತು ಬಿಟ್ಟು ಬೇರೇನ್ ನಡೀತದೆ ಸ್ವಾಮಿ? ಇವತ್ತೇ ನೋಡಿ, ಕಾರಿಗೆ…” ಎಂದು ಶುರು ಮಾಡಿದೆ. ಪೂರ್ತಿ ಕೇಳಿಸಿಕೊಂಡು ಡಾಕ್ಟರು ನಕ್ಕರು.

“ಹಾಗಾದ್ರೆ ನೀವು ಆಗಾಗ ನಿಲ್ಸಿ ಅಜ್ಜಿ. ಅವಳಿಗೂ ಜಾಗ ಕೊಡಿ.”

ವಾಪಸು ಬರುವ ಹೊತ್ತಿಗೆ ಕಾರು ಸಿದ್ಧವಾಗಿತ್ತು. ಸಂಜೆ ಮನೆ ಸೇರಿದೆವು. ಮಗ ತೋಟದಿಂದ ಕಾಲು ತೊಳೆಯದೆ ಓಡಿ ಬಂದ. “ಎಲ್ಲಿ, ಮಾತಾಡು ನನ್ ಬಂಗಾರಿ!” ಅವಳು ಬೆಕ್ಕಿನ ಕಡೆ ತಿರುಗಿಕೊಂಡಳು. ಅವನು ಬೇಡಿಕೊಂಡ, ಕುಪ್ಪಳಿಸಿದ, ಕೋಳಿಯ ಹಾಗೆ ಕೂಗಿದ. ಊಹೂಂ. “ಎಲ್ರೂ ಸೇರಿ ನನ್ನ ಮಂಗ ಮಾಡ್ತಿದ್ದೀರಾ?” ಎಂದು ಮುಖ ಸಣ್ಣಗೆ ಮಾಡಿಕೊಂಡ. ಡಾಕ್ಟರು ಹೇಳಿದ್ದಕ್ಕೆ ಬಾಯಿ ಕಟ್ಟಿಕೊಂಡು ಕೂತೆ. ನನಗೆ ಅದೆಷ್ಟು ಕಷ್ಟವೋ ಮನೆಯವರಿಗೇ ಗೊತ್ತು.

ಊಟಕ್ಕೆ ಕೂತೆವು, ಐದೂ ಜನ ಒಂದೇ ಸಾಲು. ಸೊಸೆ ಅನ್ನ, ಸಾರು, ಹಪ್ಪಳ ಬಡಿಸಿ ತಾನೂ ಕೂತಳು. ಮಗ ಹಪ್ಪಳ ಮುರಿದ. ಪಕ್ಕದಿಂದ ಪುಟ್ಟ ಕೈಯೊಂದು ಬಂತು.

“ಅಪ್ಪಾ, ತಾ.”

ಅವನು ಮುರಿದ ಹಪ್ಪಳವನ್ನು ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟ.

“ಅಪ್ಪಾ, ತಾ!”

ಕೊಟ್ಟ. ತಿಂದು ಮತ್ತೆ ಕೇಳಿದಳು. ಮತ್ತೆ ಕೊಟ್ಟ. ಅವನ ಎಲೆಯಲ್ಲಿ ಮುಗಿಯಿತು. ಆಗ “ನಾನೂ ಇದೀನಿ ಕಣೇ” ಎಂದು ಸೊಸೆ ತನ್ನದನ್ನು ಚಾಚಿದಳು, ಯಜಮಾನರು ತಮ್ಮದನ್ನು, ನಾನು ನನ್ನದನ್ನು. ಅವತ್ತು ದೊಡ್ಡವರೆಲ್ಲ ಹಪ್ಪಳವಿಲ್ಲದೆ, ತಣ್ಣಗಾದ ಸಾರಿನಲ್ಲಿ, ಹೊಟ್ಟೆ ಬಿರಿಯುವಷ್ಟು ಅನ್ನ ಉಂಡೆವು.