ತಮ್ಮನ ಅಂಗಳದ ಹಳೇ ಫ್ಯಾನುಗಳು

ಬೀದಿಯವರೆಲ್ಲ ಅವನನ್ನು ಗಾಳಿಯಣ್ಣ ಎಂದೇ ಕರೆಯುತ್ತಿದ್ದರು. ಟೇಬಲ್ ಫ್ಯಾನು ಮಾಡುವವನಿಗೆ ಅದಕ್ಕಿಂತ ಒಪ್ಪುವ ಹೆಸರು ಇನ್ನೇನಿದ್ದೀತು? ಎರಕದ ಕಬ್ಬಿಣದ ಪಾದ, ತಾನೇ ಕೂತು ತಾಮ್ರದ ತಂತಿ ಸುತ್ತಿದ ಮೋಟರು, ಪಾದದ ಮೇಲೆ ಹೆಸರು ಕೊರೆದ ಹಿತ್ತಾಳೆ ಬಿಲ್ಲೆ. ಅವನ ಕೈ ಬಿಟ್ಟ ಫ್ಯಾನು ಒಳ್ಳೆಯ ಮನೆ ಸೇರಿದ ಮಗಳ ಹಾಗೆ. ಸುದ್ದಿ ಬಂದೀತು, ದೂರು ಬಾರದು.

ತಮ್ಮನದು ಬೇರೆ ದಾರಿ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುವ ಮಾತು ಸುಳ್ಳಲ್ಲ. ಅಪ್ಪ ಕಣ್ಣು ಮುಚ್ಚಿದ ಮೇಲೆ ಕಾರ್ಖಾನೆಯ ನಡುವೆ ಗೋಡೆ ಎದ್ದಿತು. ಗೋಡೆಯಾಚೆ ತಮ್ಮ ಬಣ್ಣಬಣ್ಣದ ಪ್ಲಾಸ್ಟಿಕ್ ಫ್ಯಾನು ಮಾಡಿ ಊರಿಗೆಲ್ಲ ಮಾರಿದ. ಆ ಮಾರಾಟ ಕಂಡು ಗಾಳಿಯಣ್ಣನ ಹೊಟ್ಟೆಯೊಳಗೆ ಕೆಂಡ ಹೊಗೆಯಾಡುತ್ತಿತ್ತು. ಆದರೂ ‘ಅವನ ಫ್ಯಾನಿನ ಆಯುಸ್ಸು ಎರಡು ಬೇಸಿಗೆ’ ಎಂದುಕೊಂಡು ನೀರು ಚಿಮುಕಿಸಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಹೊಸ ನಿಯಮ ಬಂತು. ಫ್ಯಾನು ಮಾಡಿದವರೇ ಹಾಳಾದ ಫ್ಯಾನುಗಳನ್ನೂ ಜನರಿಂದ ಕೂಡಿಸಿ, ಬಿಡಿಸಿ ಕರಗಿಸುವ ಕೇಂದ್ರಕ್ಕೆ ಒಪ್ಪಿಸಬೇಕು. ಮಾರಿದ್ದಕ್ಕೆ ತಕ್ಕಷ್ಟು ಒಪ್ಪಿಸದಿದ್ದರೆ ಕಾರ್ಖಾನೆಯ ಪರವಾನಗಿ ಮುಂದುವರಿಯುವುದಿಲ್ಲ. ಇದನ್ನು ತಿಳಿಸಿ ಹೇಳುವ ಸಭೆಗೆ ಇಬ್ಬರಿಗೂ ಕರೆ ಹೋಯಿತು. ಮುಂದಿನ ಸಾಲಿನಲ್ಲಿ ತಮ್ಮ ಕಾಲ ಮೇಲೆ ಕಾಲು ಹಾಕಿ ಕೂತದ್ದನ್ನು ಬಾಗಿಲಲ್ಲೇ ಕಂಡ ಗಾಳಿಯಣ್ಣ ಹಾಗೇ ಹಿಂದಿರುಗಿದ. ‘ನನ್ನ ಹಳೇ ಫ್ಯಾನು ನಾನು ತರಬೇಕು, ಅಷ್ಟೇ ತಾನೇ. ಅದಕ್ಕೊಂದು ಸಭೆ ಬೇರೆ’ ಎಂದು ಗೊಣಗಿಕೊಂಡ.

ತಮ್ಮನ ಅಂಗಳಕ್ಕೆ ಹಳೇ ಫ್ಯಾನುಗಳು ಗಾಡಿಗಟ್ಟಲೆ ಬಂದು ಬಿದ್ದವು. ಮುರಿದ ರೆಕ್ಕೆ, ಸೀಳಿದ ಪಾದ, ಸುಟ್ಟ ಮೋಟರು. ರಾಶಿ ಬೆಳೆದು ಗೋಡೆಯ ಮೇಲಿಂದ ಇಣುಕಿತು. ಈಚೆ ಗಾಳಿಯಣ್ಣನ ಅಂಗಳ ಗುಡಿಸಿ ಬಿಟ್ಟಂತೆ ಖಾಲಿ.

“ನೋಡೇ ಅವನ ರಾಶೀನ,” ಎಂದ ಹೆಂಡತಿಗೆ.

“ಚಿನ್ನ ಕಂಡು ಹೊಟ್ಟೆ ಉರ್ಕೊಳ್ಳೋರ್ನ ನೋಡಿದ್ದೆ. ಕಸ ಕಂಡು ಉರ್ಕೊಳ್ಳೋರು ನೀವೊಬ್ರೇ.”

ಮನೆಮನೆ ಸುತ್ತಿದ. ಹೊಲಿಗೆ ಮಾಡುವ ಮುದುಕಿಯೊಬ್ಬಳ ಮುಂದೆ ಕೈ ಮುಗಿದು, “ಅಕ್ಕ, ಹಳೇದು ಕೊಡಿ, ಅದರ ಬದಲು ಹೊಸದೇ ಕೊಡ್ತೀನಿ,” ಎಂದ.

“ಇದು ನಮ್ಮತ್ತೆ ಕಾಲದ್ದಪ್ಪಾ. ನಾನು ಹೋದ್ಮೇಲೆ ಬಾ, ಸೊಸೇನ ಕೇಳು,” ಎಂದು ಮುದುಕಿ ಮತ್ತೆ ಮಿಷನ್ ತುಳಿದಳು.

ಬೇರೆ ದಿನವಾಗಿದ್ದರೆ ಆ ಮಾತಿಗೆ ಗಾಳಿಯಣ್ಣ ಬೀದಿ ತುಂಬ ಎದೆಯುಬ್ಬಿಸಿ ನಡೆಯುತ್ತಿದ್ದ. ಅಂದು ಕಾಲೆಳೆಯುತ್ತಾ ಮನೆ ಸೇರಿದ.

ಹೊಟ್ಟೆಕಿಚ್ಚಿಗೆ ಬುದ್ಧಿ ಎಲ್ಲಿಂದ ಬರಬೇಕು? ತಮ್ಮನ ಮನೆಗೆ ಹೊರಟಿದ್ದ ಗುಜರಿ ಗಾಡಿಯೊಂದನ್ನು ತನ್ನ ಅಂಗಳಕ್ಕೆ ತಿರುಗಿಸಿದ. ಫ್ಯಾನುಗಳಿಗೆ ಅಂಟಿಸಿದ್ದ ತಮ್ಮನ ಹೆಸರಿನ ಚೀಟಿಗಳನ್ನು ಕೆರೆದು ತೆಗೆದು, ಒಂದೊಂದು ಪ್ಲಾಸ್ಟಿಕ್ ಪಾದಕ್ಕೂ ತನ್ನ ಹಿತ್ತಾಳೆ ಬಿಲ್ಲೆ ಬಡಿದ.

ತಪಾಸಣೆಯ ಮೇಡಂ ಬಂದಾಗ ತಮ್ಮನೂ ಬೆನ್ನ ಹಿಂದೆ ಬಂದ. ಆಕೆ ಒಂದು ಫ್ಯಾನನ್ನು ಬೋರಲು ಹಾಕಿ ನೋಡಿ, “ನಿಮ್ಮದು ಗಟ್ಟಿ ಅಂತ ಕೇಳಿದ್ದೆ ಯಜಮಾನ್ರೇ. ಇದೂ ಇಷ್ಟೇನಾ?” ಎಂದಳು.

ಹೆತ್ತವನಿಗೆ ಕೂಸಿನ ಗುರುತು ಹೇಳಬೇಕೆ? ತಮ್ಮನಿಗೆ ಒಂದೇ ನೋಟಕ್ಕೆ ತಿಳಿಯಿತು. ಆದರೂ ಮೆಲ್ಲಗೆ, “ನಮ್ಮಣ್ಣಂದು ಮೊದಲಿಂದ್ಲೂ ಹಾಗೇ ಮೇಡಂ. ನೋಡೋಕೆ ಗಟ್ಟಿ,” ಎಂದ.

ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರೆ ಪರವಾನಗಿ ಉಳಿಯುತ್ತಿತ್ತು. ಗಾಳಿಯಣ್ಣ ಉಳಿ ತೆಗೆದುಕೊಂಡು ಬಿಲ್ಲೆಯನ್ನು ಮೀಟಿ ಕಿತ್ತ.

“ಇವು ನಂದಲ್ಲ, ಇವನದು. ನಂದು ಯಾರೂ ಕೊಡ್ತಿಲ್ಲ. ಇನ್ನೂ ತಿರುಗ್ತಾ ಇವೆ.”

ಮೇಡಂ ಅವನನ್ನೂ ಬಿಲ್ಲೆಯನ್ನೂ ನೋಡಿದಳು. “ಬಿಲ್ಲೆ ಯಾಕೆ ಹೊಡೆದ್ರಿ? ಯಾರು ಮಾಡಿದ ಫ್ಯಾನಾದ್ರೂ ನಡೆಯತ್ತೆ ಅಂತ ಸಭೇಲೇ ಹೇಳಿದ್ವಲ್ಲ.”

ಗಾಳಿಯಣ್ಣನ ಮುಖ ಸುಟ್ಟ ಬದನೆಕಾಯಿಯಾಯಿತು.

“ಸುಳ್ಳು ಬಿಲ್ಲೆಯ ಸರಕು ಒಂದೂ ಲೆಕ್ಕಕ್ಕಿಲ್ಲ. ತಿಂಗಳ ಕೊನೆಗೆ ಬರ್ತೀನಿ. ಬೇರೆ ತಂದಿಟ್ಟಿರಬೇಕು, ಇಲ್ಲದಿದ್ರೆ ಬಾಗಿಲಿಗೆ ಬೀಗ.”

ಆಕೆ ಹೋದ ಮೇಲೆ ಊರೆಲ್ಲ ಅಲೆದ. ಕೆಟ್ಟ ಫ್ಯಾನು ಇದ್ದವರೆಲ್ಲ ಆಗಲೇ ತಮ್ಮನ ಅಂಗಳಕ್ಕೆ ಹಾಕಿ ಕೈ ತೊಳೆದುಕೊಂಡಿದ್ದರು. ತಿಂಗಳು ತೀರುತ್ತಾ ಬಂತು. ಕೊನೆಗೊಂದು ಬೆಳಿಗ್ಗೆ ಕೈಗಾಡಿ ತಳ್ಳಿಕೊಂಡು ಗೋಡೆ ಬಳಸಿ ಹೋದ.

“ಏನಣ್ಣ, ದಾರಿ ತಪ್ತಾ?”

“ಸ್ವಲ್ಪ ಕಸ ಬೇಕಿತ್ತು ಕಣೋ.”

ತಮ್ಮ ನಗಲಿಲ್ಲ, ನಕ್ಕಿದ್ದರೇ ವಾಸಿಯಿತ್ತು. “ನನ್ನ ಪಾಲಿಂದು ಒಪ್ಪಿಸಿ ಆಯ್ತು. ಮಿಕ್ಕಿದ್ದು ತುಂಬ್ಕೋ,” ಎಂದು ತಾನೂ ಒಂದು ತುದಿಯಿಂದ ಎತ್ತಿ ಹಾಕತೊಡಗಿದ. ಗಾಡಿ ಅರ್ಧ ತುಂಬಿದಾಗ ಅತ್ತ ತಿರುಗಿಕೊಂಡೇ ಹೇಳಿದ:

“ನಿನ್ನ ಫ್ಯಾನು ಕೇಳಿದ್ರೂ ಕೊಡಲ್ಲ ಅಂತಾರೆ ಜನ. ನಂದನ್ನ ಕೇಳೋ ಮುಂಚೆನೇ ತಂದು ಎಸೀತಾರೆ. ಒಬ್ಬರಾದ್ರೂ, ಬೇಡಪ್ಪಾ ಇದು ನನ್ನ ಹತ್ರಾನೇ ಇರಲಿ ಅಂದಿಲ್ಲ ಅಣ್ಣ. ನಿನ್ನ ಕಂಡ್ರೆ ಮೈ ಉರಿಯತ್ತೆ ನಂಗೆ.”

ಗಾಳಿಯಣ್ಣನಿಗೆ ಪಾಪ ಎನಿಸಬೇಕಿತ್ತು. ಎನಿಸಲಿಲ್ಲ. ವರ್ಷಗಳಿಂದ ಹೊಗೆಯಾಡುತ್ತಿದ್ದ ಹೊಟ್ಟೆ ಒಂದೇ ಸಲಕ್ಕೆ ತಣ್ಣಗಾಯಿತು. ಕೈಲಿದ್ದ ಮುರುಕು ಫ್ಯಾನನ್ನು ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತ.

“ಇನ್ನೊಂದ್ಸಲ ಹೇಳೋ,” ಎಂದ.

“ಕೈ ಓಡಿಸಣ್ಣ, ಬಿಸಿಲು ಏರ್ತಿದೆ,” ಎಂದ ತಮ್ಮ.