ನಿಂತ ಯಂತ್ರದ ಮೇಲೆ ಆರು ಫ್ಲಾಸ್ಕು

ದೆವ್ವ, ಶಕುನದ ಸುದ್ದಿ ಹಿಡಿದು ಪತ್ರಿಕಾ ಕಚೇರಿಗೆ ಬಂದವರನ್ನು ನಾನು ಎರಡೇ ಪ್ರಶ್ನೆಯಲ್ಲಿ ಸಾಗಹಾಕುತ್ತಿದ್ದೆ: ನೋಡಿದವರು ಯಾರು, ಆಗ ಗಂಟೆ ಎಷ್ಟು? ಈ ಸಲ ನೋಡಿದವನು ನಾನೇ. ಗಂಟೆಯನ್ನೂ ಬರೆದಿಟ್ಟಿದ್ದೇನೆ. ಆದರೂ ನಂಬಿ ಎಂದು ನಿಮ್ಮನ್ನು ಕೇಳಲಾರೆ.

ಅರವತ್ತರ ದಶಕದ ಕೊನೆ. ನಾನು ಬರೋಡಾದಲ್ಲಿ ವರದಿಗಾರ. ಗೆಳೆಯ ಶೇಷಗಿರಿ ಧಾರವಾಡದವನು, ಬರೋಡಾದಲ್ಲೇ ಪ್ರಯೋಗಾಲಯವೊಂದರಲ್ಲಿ ಸಂಶೋಧಕ. ಕಾರ್ಖಾನೆಗಳ ಕೊಳೆನೀರು ಹರಿದು ಡಾಂಬರು ನಾರುತ್ತಿದ್ದ ಮಣ್ಣಿನಿಂದ ಅವನೊಂದು ಬ್ಯಾಕ್ಟೀರಿಯಾ ತಳಿ ತೆಗೆದಿದ್ದ. ಸೀರೆಗಳ ನಡುವೆ ಇಡುವ ನುಸಿಗುಳಿಗೆ ಇದೆಯಲ್ಲ, ಆ ನ್ಯಾಫ್ತಲೀನೇ ಅದಕ್ಕೆ ಅನ್ನ. ನ್ಯಾಫ್ತಲೀನಿನ ಇಂಗಾಲದ ಉಂಗುರ ಮುರಿಯಲು ಅದಕ್ಕೆ ಆಮ್ಲಜನಕ ಬೇಕು. ಅದಕ್ಕೇ ವಿದ್ಯುತ್ ಯಂತ್ರವೊಂದು ಆ ತಳಿಯಿದ್ದ ಗಾಜಿನ ಫ್ಲಾಸ್ಕುಗಳನ್ನು ಹಗಲಿರುಳು ಗುಂಡಗೆ ಅಲುಗಾಡಿಸುತ್ತಿತ್ತು. ಎರಡು ವರ್ಷದ ದುಡಿಮೆ ಆ ಆರು ಫ್ಲಾಸ್ಕುಗಳಲ್ಲಿತ್ತು. ಒಂದಿಷ್ಟನ್ನು ಬೇರೆಡೆ ತೆಗೆದಿಡುವ ಮೊದಲೇ ಅವನಿಗೆ ವಿಷಮಶೀತ ಜ್ವರ ಬಂತು.

ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತಿದ್ದೆ. ಮೇಲಿನ ಫ್ಯಾನ್ ನಿಂತಿತು. ಒಂದೂವರೆ ಗಂಟೆ.

"ಕರೆಂಟ್ ಹೋತು. ಲ್ಯಾಬಿಗೆ ಓಡಪಾ, ಕೈಯಿಂದ ತಿರುಗಸ್ತಾ ಇರು. ಗಾಳಿ ಸಿಗಲಿಲ್ಲಂದ್ರ ಸಾಯ್ತಾವ. ನೀ ಪೇಪರಿನವ, ಹೋಗದನ ಹೋಗಿ ಬಂದೆ ಅಂತ ಬರದೀಯ ಮತ್ತ."

ರೈಲ್ವೆ ಗೇಟು ಹಾಕಿತ್ತು. ಲ್ಯಾಬು ಮುಟ್ಟಿದಾಗ ಎರಡೂ ಮುಕ್ಕಾಲು. ಯಂತ್ರ ನಿಂತಿತ್ತು. ಆದರೆ ಆರೂ ಫ್ಲಾಸ್ಕುಗಳಲ್ಲಿ ದ್ರವ ಸುತ್ತುತ್ತಿತ್ತು. ನ್ಯಾಫ್ತಲೀನಿನ ಬಿಳಿ ಚೂರುಗಳು ಒಂದೇ ವೇಗದಲ್ಲಿ ತಿರುಗುತ್ತಿದ್ದವು. ಮೇಜಿನ ಮೇಲೆ ಅಂಗೈ ಇಟ್ಟೆ, ಕಂಪನವಿಲ್ಲ. ಒಂದು ಫ್ಲಾಸ್ಕಿನ ಕತ್ತು ಗಟ್ಟಿಯಾಗಿ ಹಿಡಿದೆ. ಒಳಗೆ ಸುತ್ತುವುದು ನಿಲ್ಲಲಿಲ್ಲ.

ಬಾಗಿಲಲ್ಲಿದ್ದ ಕಾವಲುಗಾರ, "ಸಾಬ್, ಮೈನೇ ಹಾಥ್ ನಹೀ ಲಗಾಯಾ," ಎಂದ. ತಾನು ಕೈ ಹಚ್ಚಿಲ್ಲವಂತೆ. ಒಳಗೆ ಬರಲಿಲ್ಲ.

ನಾನು ಕೈಯಾಡಿಸುವ ಅಗತ್ಯವೇ ಬೀಳಲಿಲ್ಲ. ನಾಲ್ಕು ಹತ್ತಕ್ಕೆ ಕರೆಂಟ್ ಬಂದು ಯಂತ್ರ ಶುರುವಾಯಿತು.

ಆಸ್ಪತ್ರೆಗೆ ಮರಳಿದಾಗ ಶೇಷಗಿರಿಯ ಹೆಂಡತಿ, ನಮ್ಮ ವೈನಿ, ತಗ್ಗಿದ ದನಿಯಲ್ಲಿ ಹೇಳಿದರು: "ನೀವು ಹೋದಾಗಿಂದ ಇವರ ಬಲಗೈ ಹಾಸಿಗಿ ಮ್ಯಾಲ ಗುಂಡಗ ತಿರುಗತಿತ್ತು. ಹಿಡಿದ್ರೂ ನಿಲ್ಲಲಿಲ್ಲ. ಫ್ಯಾನ್ ಶುರು ಆದಮ್ಯಾಲ ನಿಂತದ. ಈಗ ನಿದ್ದಿ ಹತ್ತೇದ."

ತಳಿ ಬದುಕಿತು. ಅವನೂ ಎದ್ದ. ತಿಂಗಳಾದ ಮೇಲೆ ಎಲ್ಲ ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ.

"ಫ್ಲಾಸ್ಕಿನಾಗ ಎಡಕ್ಕ ತಿರುಗತಿತ್ತೋ, ಬಲಕ್ಕೋ?"

ಅವನ ಕೈ ತಿರುಗಿದ್ದನ್ನು ಕಂಡಿದ್ದ ವೈನಿ ಪಕ್ಕದಲ್ಲೇ ಇದ್ದರು, ಬಾಯಿ ತೆರೆದರು. "ನೀ ಹೇಳಬ್ಯಾಡ. ಮೊದಲ ಅವ ಹೇಳಲಿ," ಎಂದ ಶೇಷಗಿರಿ.

ನನ್ನ ಟಿಪ್ಪಣಿ ಪುಸ್ತಕದಲ್ಲಿ ವೇಳೆಯಿತ್ತು, ಕಾವಲುಗಾರನ ಹೆಸರಿತ್ತು. ದಿಕ್ಕು ಇರಲಿಲ್ಲ. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ, ಇಂದಿಗೂ ಆಗಿಲ್ಲ. ವೈನಿ ಏನು ಹೇಳಲಿದ್ದರು ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.