ಕದಿರಿನ ಮೇಡಂ
ಸೂಕ್ಷ್ಮದರ್ಶಕದ ಮುಂದೆ ಕೂತರೆ ಪ್ರಯೋಗಾಲಯದ ಮೇಡಂಗೆ ಬಾಯಿ ನಿಲ್ಲುತ್ತಿರಲಿಲ್ಲ. ಎರಡಾಗಲು ಹೊರಟ ಜೀವಕೋಶದೊಳಗೆ ಎಳೆಗಳು ನೂಲುವ ಕದಿರಿನಂತೆ ಹರಡಿ ವರ್ಣತಂತುಗಳನ್ನು ಹಿಡಿಯುವಾಗ, "ಅವಸರ ಬೇಡ ಕಣಮ್ಮ, ಒಂದು ಇನ್ನೂ ಹೊರಗೇ ಇದೆ" ಎಂದು ಆ ಕೋಶವನ್ನೇ ಗದರುವರು. ಎಲ್ಲವೂ ಸಿಕ್ಕುವವರೆಗೆ ಕೋಶವನ್ನು ತಡೆದು ನಿಲ್ಲಿಸುವ ಪ್ರೋಟೀನಿಗೆ "ನಮ್ಮತ್ತೆ" ಎಂದೂ, ಕೊನೆಗೆ ಅದರ ನಡುವನ್ನು ಬಿಗಿದು ಎರಡು ಮಾಡುವುದಕ್ಕೆ "ಲಾಡಿ ಮಾಮ" ಎಂದೂ ಹೆಸರಿಟ್ಟಿದ್ದರು. ಕೋಶ ಸರಿಯಾಗಿ ಎರಡಾದರೆ "ಸುಖವಾಗಿರಿ" ಎಂದು ಹರಸಿದ ಮೇಲೆಯೇ ಚಹಾಕ್ಕೆ ಏಳುವರು. ವಿದ್ಯಾರ್ಥಿಗಳು ಮುಸಿಮುಸಿ ನಗುತ್ತಿದ್ದರು. ಆ ಬೆಳಿಗ್ಗೆ ಮಾತ್ರ ಮೇಡಂ ಉಸಿರೆತ್ತದೆ ನೋಡಿದರು. ತಟ್ಟೆಯಲ್ಲಿದ್ದವು ಅವರ ಅಕ್ಕನ ಕ್ಯಾನ್ಸರ್ ಗಡ್ಡೆಯ ಕೋಶಗಳು. ಹೊಸ ಔಷಧಿ ಬಿದ್ದ ಮೇಲೆ ಕದಿರುಗಳು ಬಿಗಿದುಕೊಂಡು, ಒಂದು ಕೋಶವೂ ಎರಡಾಗಿರಲಿಲ್ಲ. ಮೇಡಂ ಫೋನೆತ್ತಿಕೊಂಡರು. "ಅಕ್ಕಾ, ತಟ್ಟೆಯಲ್ಲಂತೂ ಅವು ಔಷಧಿಗೆ ಬಗ್ಗಿವೆ. ಡಾಕ್ಟರ್ ಹತ್ರ ನಾನು ಮಾತಾಡ್ತೀನಿ. ನೀನು ಮೊದಲು ತಿಂಡಿ ತಿನ್ನು."